ಬಡಗಣ ತುದಿಯ ತೆಂಕನಾಡು

ಸ್ಕಾಟ್ಲೆಂಡಿನ ನಕ್ಷೆಯಲ್ಲಿ ತೀರಾ ಮೇಲಿನ ಮೂಲೆಗೆ ಬೆರಳಿಟ್ಟರೆ ಸದರ್ಲೆಂಡ್ ಎಂಬ ಸೀಮೆ ಸಿಗುತ್ತದೆ. ಬೋಳು ಗುಡ್ಡಗಳು, ಜೌಗು ನೆಲ, ಕುರಿಮಂದೆ, ಬಿಡದೆ ಬೀಸುವ ಗಾಳಿ. ಬ್ರಿಟನ್ನಿನ ಮುಖ್ಯ ದ್ವೀಪ ಅಲ್ಲಿಗೆ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಆದರೆ ಸದರ್ಲೆಂಡ್ ಎಂದರೆ ತೆಂಕನಾಡು, ದಕ್ಷಿಣದ ನೆಲ. ಲಂಡನ್ನಿನವರಿಗೆ ಅದು ದೂರದ ಬಡಗಣ, ಎಡಿನ್‌ಬರೋದವರಿಗೂ ಬಡಗಣ, ಹತ್ತಿರದ ಇನ್ವರ್ನೆಸ್ಸಿನವರಿಗೂ ಬಡಗಣವೇ. ಹಾಗಾದರೆ ಅದು ತೆಂಕಣವಾಗಿ ಕಂಡದ್ದು ಯಾರಿಗೆ?

ಕಡಲಿಗಿಳಿದು ನೋಡಿದರೆ ಗೊತ್ತಾಗುತ್ತದೆ. ಸದರ್ಲೆಂಡಿನಿಂದ ಈಶಾನ್ಯಕ್ಕೆ ಆರ್ಕ್ನಿ ದ್ವೀಪಗಳಿವೆ, ಅವುಗಳಾಚೆ ಶೆಟ್ಲೆಂಡ್, ಇನ್ನೂ ಮೂಡಣಕ್ಕೆ ನಾರ್ವೆ. ಸುಮಾರು 9ನೇ ಶತಮಾನದಿಂದ ಆರ್ಕ್ನಿಯಲ್ಲಿ ಬೇರೂರಿ ಆಳಿದವರು ನಾರ್ವೆಯಿಂದ ಹಡಗೇರಿ ಬಂದ ಜನ. ಅವರ ಅಂಗಳದಿಂದ ನೋಡಿದರೆ ಸ್ಕಾಟ್ಲೆಂಡಿನ ನೆಲ ತೆಂಕಣಕ್ಕಿತ್ತು, ಹಾಗೆಂದೇ ಕರೆದರು. ಆ ನೆಲದ ಪಡುವಣದಲ್ಲಿರುವ ಹೆಬ್ರಿಡೀಸ್ ದ್ವೀಪಗಳನ್ನು ಅವರು 'ಸುದ್ರೆಯ್ಯಾರ್', ಅಂದರೆ ತೆಂಕಣ ದ್ವೀಪಗಳು ಎಂದರು. ಐಲ್ ಆಫ್ ಮ್ಯಾನ್‌ನ ಬಿಷಪ್‌ಗೆ ಇಂದಿಗೂ 'ಸೋಡೋರ್ ಮತ್ತು ಮ್ಯಾನ್' ಎಂಬ ಬಿರುದಿದೆ. ಹೆಬ್ರಿಡೀಸ್ ಆ ಬಿಷಪ್‌ಗಳ ಕೈತಪ್ಪಿ ಶತಮಾನಗಳೇ ಸಂದಿದ್ದರೂ ತೆಂಕಣ ದ್ವೀಪಗಳ ಹೆಸರು ಬಿರುದಿನಲ್ಲಿ ಹಾಗೇ ಇದೆ.

ಸದರ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಡಲಿಗೆ ಚಾಚಿದ ಬಂಡೆಯೊಂದಿದೆ. ಹೆಸರು ಕೇಪ್ ರಾತ್. ಇಂಗ್ಲಿಷ್ ಬಲ್ಲವರ ಕಿವಿಗೆ ಅದು 'ಕೋಪದ ಭೂಶಿರ' ಎಂದು ಕೇಳಿಸುತ್ತದೆ. ಅಲ್ಲಿ ಅಪ್ಪಳಿಸುವ ಅಲೆಗಳನ್ನು ಕಂಡವರಿಗೆ ಹೆಸರು ಒಪ್ಪುತ್ತದೆ ಎಂದೂ ಅನ್ನಿಸೀತು. ನಿಜದಲ್ಲಿ ಆ ಪದ ನಾರ್ವೆಯಿಂದ ಬಂದವರ ಹಳೆಯ ನಾರ್ಸ್ ಭಾಷೆಯ 'ಹ್ವರ್ಫ್', ಅಂದರೆ ತಿರುವು. ಆರ್ಕ್ನಿಯಿಂದ ಪಡುವಣಕ್ಕೆ ಹೊರಟ ಹಡಗು ಹೆಬ್ರಿಡೀಸ್ ಕಡೆಗೆ ಮುಖ ಮಾಡಬೇಕಾದದ್ದು ಅಲ್ಲೇ. ಹಡಗಿನವನು ದಾರಿ ತಿಳಿಯಲೆಂದು ಇಟ್ಟ ಗುರುತಿನ ಹೆಸರಿಗೆ ಮುಂದಿನವರು ಕೋಪವನ್ನು ಅಂಟಿಸಿದರು. ಇದೇ ಜನರ, ಅಂದರೆ ವೈಕಿಂಗರ, ಒಟ್ಟು ಚರಿತ್ರೆಗೂ ಇಂಥದೇ ಗತಿ ಬಂದಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೇ ಈ ಅಧ್ಯಾಯದಲ್ಲಿ ಕತ್ತಿ, ಕೊಡಲಿ, ಹಡಗುಗಳನ್ನು ಬದಿಗಿಟ್ಟು ಹೆಸರು ಮತ್ತು ಮಾತುಗಳ ಬೆನ್ನು ಹತ್ತೋಣ.

ವೈಕಿಂಗರ ಕಾಲದ ಬಗ್ಗೆ ನಮಗೆ ದೊರೆತಿರುವ ಬಹುಪಾಲು ಬರಹ ಅವರದಲ್ಲ. ಅವರಿಗೆ ರೂನ್ ಎಂಬ ಲಿಪಿ ಇತ್ತು. ಆದರೆ ಅದು ಕಲ್ಲು, ಮರ, ಮೂಳೆಗಳ ಮೇಲೆ ನಾಲ್ಕು ಸಾಲು ಕೊರೆಯುವ ಲಿಪಿ. ಐಸ್‌ಲೆಂಡಿನ ಪ್ರಸಿದ್ಧ ಸಾಗಾ ಕಥನಗಳು ಬಹುಮಟ್ಟಿಗೆ ಬರಹಕ್ಕಿಳಿದದ್ದು 13ನೇ ಶತಮಾನದಲ್ಲಿ, ಹೇಳುವ ಘಟನೆಗಳಿಂದ ಇನ್ನೂರು ಮುನ್ನೂರು ವರ್ಷ ಈಚೆಗೆ. ನಡೆದ ಕಾಲದಲ್ಲೇ ಬರೆದಿಟ್ಟವರು ಇಂಗ್ಲೆಂಡ್, ಐರ್ಲೆಂಡ್, ಫ್ರಾಂಕರ ನಾಡಿನ ಕ್ರೈಸ್ತ ಸನ್ಯಾಸಿಗಳು. ಸಂಪತ್ತು ಕೂಡಿದ, ಕಾವಲಿಲ್ಲದ, ಕಡಲ ದಂಡೆಯ ಮಠಗಳು ಯಾರ ಕಣ್ಣಿಗೆ ಮೊದಲು ಬಿದ್ದವೋ ಅವರ ಬಗ್ಗೆ ಆ ಮಠದವರೇ ಬರೆದರು.

ಕ್ರಿ.ಶ. 793ರ ಜೂನ್ 8ರಂದು ನಾರ್ಥಂಬ್ರಿಯಾದ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ದಾಳಿಯಾಯಿತು. ಯಾರ್ಕ್‌ನಲ್ಲಿ ಕಲಿತು ಫ್ರಾಂಕರ ದೊರೆ ಶಾರ್ಲೆಮೇನನ ಆಸ್ಥಾನ ಸೇರಿದ್ದ ಆಲ್ಕ್ವಿನ್ ಎಂಬ ವಿದ್ವಾಂಸ ಸುದ್ದಿ ಕೇಳಿ ಸಂಕಟದಿಂದ ಪತ್ರಗಳನ್ನು ಬರೆದ. ವೈಕಿಂಗ್ ಯುಗ ಅಲ್ಲಿಂದ ಶುರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ನಾರ್ಥಂಬ್ರಿಯಾದ ರಾಜನಿಗೆ ಬರೆದ ಪತ್ರದಲ್ಲಿ ಆಲ್ಕ್ವಿನ್ ಒಂದು ಗದರಿಕೆಯನ್ನೂ ಸೇರಿಸಿದ್ದಾನೆ: ನಿಮ್ಮ ಜನ ಕೂದಲು, ಗಡ್ಡ ಕತ್ತರಿಸಿಕೊಳ್ಳುವುದರಲ್ಲಿ ಆ ಪಾಷಂಡಿಗಳನ್ನೇ ಅನುಕರಿಸುತ್ತಿದ್ದಾರಲ್ಲ ಎಂದು. ಕಂಡೇ ಇರದವರ ಕ್ಷೌರವನ್ನು ಯಾರೂ ಅನುಕರಿಸಲಾರರು. ದಾಳಿಗೆ ಮೊದಲೇ ಎರಡು ದಡಗಳ ನಡುವೆ ಓಡಾಟವಿತ್ತು, ಒಡನಾಟವಿತ್ತು, ಮೆಚ್ಚುಗೆಯೂ ಇತ್ತು. ವ್ಯಾಪಾರಕ್ಕೆ ಬಂದು ಹೋದವರ ಬಗ್ಗೆ ಪತ್ರ ಬರೆಯುವ ತುರ್ತು ಯಾವ ಸನ್ಯಾಸಿಗೂ ಇರಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿ. ಆಲ್ಕ್ವಿನ್ ಸೇರಿದ ಅದೇ ಆಸ್ಥಾನದ ಶಾರ್ಲೆಮೇನ್ 782ರಲ್ಲಿ ವೆರ್ಡೆನ್ ಎಂಬಲ್ಲಿ ಒಂದೇ ದಿನ 4,500 ಸ್ಯಾಕ್ಸನ್ ಸೆರೆಯಾಳುಗಳ ತಲೆ ಕಡಿಸಿದನೆಂದು ಫ್ರಾಂಕರ ರಾಜ ವಾರ್ಷಿಕಿಯೇ ದಾಖಲಿಸಿದೆ. ಅವನನ್ನು ಯುರೋಪು ಮಹಾರಾಜನೆಂದು ನೆನೆಯಿತು. ಹೀಗೆಂದು ವೈಕಿಂಗರ ಕ್ರೌರ್ಯವನ್ನು ತೊಳೆದು ಹಾಕಬಾರದು. ಡಬ್ಲಿನ್ ಅವರ ಕಾಲದಲ್ಲಿ ಗುಲಾಮರ ದೊಡ್ಡ ಸಂತೆಯಾಗಿತ್ತು. 870ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಕೋಟೆಯನ್ನು ಗೆದ್ದ ಅವರ ಹಡಗುಗಳು ಮರುವರ್ಷ ಸೆರೆಯಾಳುಗಳನ್ನು ತುಂಬಿಕೊಂಡು ಡಬ್ಲಿನ್ನಿಗೇ ಮರಳಿದವು. ಗುಲಾಮನಿಗೆ ಅವರಾಡುತ್ತಿದ್ದ 'ಥ್ರಾಲ್' ಎಂಬ ಪದ ಇಂಗ್ಲಿಷಿನಲ್ಲಿ ಉಳಿದಿದೆ. ಭಾಷೆಯ ಸಾಕ್ಷ್ಯ ಯಾರ ಪರವೂ ಅಲ್ಲದ ಕಾರಣವೇ ಅದು ಇಷ್ಟು ಬೆಲೆಯುಳ್ಳದ್ದು.

865ರಲ್ಲಿ ಡೇನರ, ಅಂದರೆ ಡೆನ್ಮಾರ್ಕಿನ ಕಡೆಯ ವೈಕಿಂಗರ, ದೊಡ್ಡ ಪಡೆಯೊಂದು ಇಂಗ್ಲೆಂಡಿಗೆ ಬಂದಿಳಿಯಿತು. ಮರುವರ್ಷ ಯಾರ್ಕ್ ಅವರ ಕೈಸೇರಿತು. ಮುಂದಿನ ಹತ್ತು ವರ್ಷಗಳ ಯುದ್ಧಗಳನ್ನು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಬಿಡದೆ ಬರೆಯುತ್ತದೆ. 876ಕ್ಕೆ ಬಂದಾಗ ಒಂದು ಸಣ್ಣ ವಾಕ್ಯ: ಹಾಲ್ಫ್‌ಡಾನ್ ಎಂಬ ನಾಯಕ ನಾರ್ಥಂಬ್ರಿಯಾದ ಜಮೀನನ್ನು ತನ್ನವರಿಗೆ ಹಂಚಿದ, ಅವರು ಉಳುಮೆಗೆ ತೊಡಗಿದರು ಎಂದು. ಅಷ್ಟೇ. ಕತ್ತಿ ಹಿಡಿದಿದ್ದಾಗ ಪುಟಗಟ್ಟಲೆ ಬರೆಸಿಕೊಂಡವರು ನೇಗಿಲು ಹಿಡಿದೊಡನೆ ಬರಹದಿಂದ ಮಾಯವಾದರು. ಅಲ್ಲಿಂದ ಮುಂದಿನ ಕಥೆಯನ್ನು ಊರ ಹೆಸರುಗಳೇ ಹೇಳಬೇಕು.

ಇಂಗ್ಲೆಂಡಿನ ಮೂಡಣ ಮತ್ತು ಬಡಗಣ ಭಾಗದಲ್ಲಿ 'ಬಿ' ಎಂದು ಕೊನೆಯಾಗುವ ಊರುಗಳು ನೂರಾರು: ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ, ಸೆಲ್ಬಿ, ವೆದರ್ಬಿ. ಹಳೆಯ ನಾರ್ಸಿನ 'ಬೀ' ಎಂದರೆ ತೋಟದ ಮನೆ, ಹಳ್ಳಿ. ಗ್ರಿಮ್ಸ್‌ಬಿ ಗ್ರಿಮ್ ಎಂಬವನ ಹಳ್ಳಿ. 'ಥಾರ್ಪ್' ಎಂದರೆ ದೊಡ್ಡ ಊರಿಗೆ ಸೇರಿದ ಸಣ್ಣ ಪಾಳ್ಯ, ಸ್ಕನ್‌ಥಾರ್ಪ್ ಅಂಥದು. 'ಥ್ವೇಟ್' ಎಂದರೆ ಕಾಡು ಕಡಿದು ಮಾಡಿಕೊಂಡ ಬಯಲು. ಡರ್ಬಿಗೆ ಮೊದಲು ನಾರ್ಥ್‌ವರ್ದಿ ಎಂಬ ಇಂಗ್ಲಿಷ್ ಹೆಸರಿತ್ತು, ಡೇನರು ಅದನ್ನು ಬದಲಿಸಿದರು ಎಂದು 10ನೇ ಶತಮಾನದ ಲೇಖಕನೊಬ್ಬ ಹೇಳಿದ್ದಾನೆ. ಯಾರ್ಕ್ ಅಂತೂ ನಾಲ್ಕು ಭಾಷಿಕರ ಬಾಯಿಯಲ್ಲಿ ಸವೆದ ಹೆಸರು. ಸ್ಥಳೀಯ ಕೆಲ್ಟಿಕ್ ಹೆಸರನ್ನು ರೋಮನರು ಎಬೊರಾಕಮ್ ಎಂದು ಉಚ್ಚರಿಸಿದರು, ಇಂಗ್ಲಿಷರು ಎವೊರ್ವಿಕ್ ಎಂದರು, ಡೇನರು ಯೋರ್ವಿಕ್ ಎಂದರು, ಅದು ಕುಗ್ಗಿ ಯಾರ್ಕ್ ಆಯಿತು. ಅಲ್ಲಿನ ಬೀದಿಗಳ 'ಗೇಟ್' ಬಾಗಿಲಲ್ಲ. ಅದು ನಾರ್ಸಿನ 'ಗಾತ', ಬೀದಿ. ಕಾಪರ್‌ಗೇಟ್ ಎಂದರೆ ಮರದ ಬಟ್ಟಲು ಕಡೆಯುವವರ ಬೀದಿ. 1976ರಿಂದ 1981ರವರೆಗೆ ಅಲ್ಲಿ ಉತ್ಖನನ ನಡೆದಾಗ ಮರ ಕಡೆದ ಚೂರುಗಳೂ ಬಟ್ಟಲುಗಳೂ ರಾಶಿಯಾಗಿ ಸಿಕ್ಕವು.

ಹೆಸರುಗಳು ಇಷ್ಟಿವೆ ಎಂದ ಮಾತ್ರಕ್ಕೆ ಜನರೂ ಅಷ್ಟೇ ಸಂಖ್ಯೆಯಲ್ಲಿ ಬಂದಿದ್ದರೇ? ಇಲ್ಲಿಂದ ಒಂದು ದೊಡ್ಡ ವಾಗ್ವಾದವೇ ಹುಟ್ಟಿತು. ಬಂದದ್ದು ಬೃಹತ್ ವಲಸೆ ಎಂದು ಫ್ರಾಂಕ್ ಸ್ಟೆಂಟನ್‌ರಂಥ ಹಿರಿಯ ಇತಿಹಾಸಕಾರರು ನಂಬಿದ್ದರು. 1962ರಲ್ಲಿ ಪೀಟರ್ ಸಾಯರ್ ಅದನ್ನು ಬುಡಮೇಲು ಮಾಡಿದರು. ಆ ಪಡೆಗಳಲ್ಲಿದ್ದವರು ಸಾವಿರಾರು ಅಲ್ಲ, ಕೆಲವೇ ನೂರು ಜನ. ಸನ್ಯಾಸಿಗಳು ಹೆದರಿ ಸಂಖ್ಯೆಯನ್ನು ಉಬ್ಬಿಸಿದ್ದಾರೆ. ಹೊಸ ಒಡೆಯ ಬಂದರೆ ಊರಿನ ಹೆಸರು ಬದಲಾಗುತ್ತದೆ, ಜನ ಬದಲಾಗಬೇಕಿಲ್ಲ ಎಂಬುದು ಅವರ ವಾದ.

ಇದಕ್ಕೆ ಬಂದ ಉತ್ತರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಸ್ಥಳನಾಮ ತಜ್ಞ ಕೆನೆತ್ ಕ್ಯಾಮರಾನ್ 1965ರಲ್ಲಿ ಮುಂದಿಟ್ಟದ್ದು. ಅವರು ಹೆಸರುಗಳ ಪಟ್ಟಿಯನ್ನು ಭೂವಿಜ್ಞಾನದ ನಕ್ಷೆಯ ಮೇಲಿಟ್ಟು ನೋಡಿದರು. ಮೊದಲರ್ಧ ಡೇನರ ವ್ಯಕ್ತಿಯ ಹೆಸರು, ಉಳಿದರ್ಧ ಇಂಗ್ಲಿಷಿನ 'ಟನ್' ಆಗಿರುವ ಗ್ರಿಮ್‌ಸ್ಟನ್‌ನಂಥ ಮಿಶ್ರ ಹೆಸರಿನ ಊರುಗಳು ಒಳ್ಳೆಯ ನೆಲದಲ್ಲಿದ್ದವು. ಅವು ಮೊದಲೇ ಇದ್ದ ಇಂಗ್ಲಿಷ್ ಹಳ್ಳಿಗಳು, ಒಡೆಯ ಮಾತ್ರ ಹೊಸಬ. 'ಬಿ' ಊರುಗಳು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನೆಲದಲ್ಲಿದ್ದವು. 'ಥಾರ್ಪ್'ಗಳು ಇನ್ನೂ ಕಳಪೆ ಮಣ್ಣಿನಲ್ಲಿ. ಗೆದ್ದ ಒಡೆಯರು ಹೆಸರು ಬದಲಿಸಿದ್ದಷ್ಟೇ ಆಗಿದ್ದರೆ ಇಂಥ ಶ್ರೇಣಿ ಏಕೆ ಕಾಣಬೇಕು? ಬಂದವರಲ್ಲಿ ಹಲವರು ಯಾರಿಗೂ ಬೇಡವಾದ ನೆಲವನ್ನು ಹಸನು ಮಾಡಿಕೊಂಡ ರೈತರಾಗಿದ್ದಿರಬೇಕು. ಬಳಿಕ ಗಿಲಿಯನ್ ಫೆಲೋಸ್-ಜೆನ್ಸನ್ ಅವರು, ಅನೇಕ 'ಬಿ'ಗಳು ಹಳೆಯ ದೊಡ್ಡ ಜಹಗೀರುಗಳು ಒಡೆದು ಚೂರಾದಾಗ ಹುಟ್ಟಿದ ಹೆಸರುಗಳು ಎಂದು ತೋರಿಸಿ ಈ ಚಿತ್ರವನ್ನು ತಿದ್ದಿದರು. ವಾದ ನಿಂತಿಲ್ಲ. ಆದರೆ ಒಂದು ಹೆಸರನ್ನು ಅದರ ಕಾಲಡಿಯ ಮಣ್ಣಿನೊಂದಿಗೆ ಓದಬೇಕು ಎಂಬ ಪಾಠ ಗಟ್ಟಿಯಾಗಿ ಉಳಿಯಿತು.

ಊರಿನ ಹೆಸರಿಗಿಂತಲೂ ನಂಬಬಹುದಾದ ಸಾಕ್ಷಿ ಹೊಲದ ಹೆಸರು. ಊರಿಗೆ ಹೆಸರಿಡಲು ಒಡೆಯನಿಗೆ ಬಾಯಿ ಬರುತ್ತದೆ. ಹಳ್ಳದ ಪಕ್ಕದ ಕೆಸರು ತುಂಡಿಗೆ, ಹುಲ್ಲು ಕೊಯ್ಯುವ ತಗ್ಗಿಗೆ ಹೆಸರಿಡುವವನು ಅಲ್ಲಿ ಮೈ ಬಗ್ಗಿಸಿ ದುಡಿಯುವವನೇ. ಲಿಂಕನ್‌ಶೈರ್, ಯಾರ್ಕ್‌ಶೈರ್‌ಗಳ ಹಳೆಯ ಭೂದಾಖಲೆಗಳಲ್ಲಿ ತೊರೆಗೆ 'ಬೆಕ್', ಜೌಗು ಪೊದೆಗೆ 'ಕಾರ್', ಹುಲ್ಲುಗಾವಲಿಗೆ 'ಇಂಗ್', ನೀರಿನ ನಡುವಿನ ದಿಬ್ಬಕ್ಕೆ 'ಹೋಮ್' ಎಂಬ ನಾರ್ಸ್ ಪದಗಳು ಎಲ್ಲೆಡೆ ಹರಡಿವೆ. ಇಂಗಲ್ಬಿ ಎಂಬ ಊರುಗಳೂ ಇವೆ, 'ಇಂಗ್ಲಿಷರ ಹಳ್ಳಿ' ಎಂದು. ಇಂಗ್ಲೆಂಡಿನ ಒಳಗೆ ಇಂಗ್ಲಿಷರಿರುವುದೇ ಒಂದು ಹಳ್ಳಿಯ ವಿಶೇಷ ಗುರುತಾಗಬೇಕಾದರೆ ಸುತ್ತಲಿನ ಸೀಮೆಯಲ್ಲಿ ಯಾರಿದ್ದರು ಎಂದು ಬೇರೆ ಹೇಳಬೇಕಿಲ್ಲ. ನಾರ್ಮನ್ಬಿ ನಾರ್ವೆಯವರ ಹಳ್ಳಿ, ಅರ್ಬಿ ಐರ್ಲೆಂಡಿನಿಂದ ಬಂದವರ ಹಳ್ಳಿ. ಬಂದವರೆಲ್ಲ ಒಂದೇ ಗುಂಪಿನವರಾಗಿರಲಿಲ್ಲ, ತಮ್ಮೊಳಗಿನ ವ್ಯತ್ಯಾಸಗಳನ್ನು ಅವರೇ ಗುರುತಿಸುತ್ತಿದ್ದರು.

ವೇಲ್ಸ್‌ನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಸ್ವಾನ್ಸಿ, ಆಂಗಲ್‌ಸಿ, ಬಾರ್ಡ್‌ಸಿ, ಗ್ರೇಟ್ ಓರ್ಮ್ ಇವೆಲ್ಲ ನಾರ್ಸ್ ಹೆಸರುಗಳೇ. ಆದರೆ ಬಹುಪಾಲು ಕಡಲಂಚಿನಲ್ಲೇ ಇವೆ: ದ್ವೀಪ, ಭೂಶಿರ, ಹಡಗು ತಂಗುವ ಕೊಲ್ಲಿ. ಸ್ಥಳೀಯರು ಅವನ್ನು ಸ್ವೀಕರಿಸಲೂ ಇಲ್ಲ. ವೆಲ್ಶ್ ಭಾಷೆಯಲ್ಲಿ ಸ್ವಾನ್ಸಿ ಇಂದಿಗೂ ಅಬರ್‌ಟಾವೆ, ಆಂಗಲ್‌ಸಿ ಅನಿಸ್ ಮೋನ್. ದಾರಿಯಲ್ಲಿ ಹಾದು ಹೋಗುವವರು ಇಟ್ಟ ಹೆಸರುಗಳು ದಾರಿಯ ಅಂಚಿನಲ್ಲೇ ಉಳಿದವು.

ಈಗ ಮಾತಿಗೆ ಬರೋಣ. ಇಂಗ್ಲಿಷೂ ನಾರ್ಸೂ ಒಂದೇ ಕುಟುಂಬದ ಭಾಷೆಗಳು, ಬೇರುಪದಗಳು ಬಹಳಷ್ಟು ಸಮಾನ. ಹೀಗಿರುವಾಗ ಇಂಗ್ಲಿಷಿನ ಒಂದು ಪದ ಹುಟ್ಟಿನಿಂದ ಬಂದದ್ದೋ, ವೈಕಿಂಗರಿಂದ ಬಂದದ್ದೋ ಎಂದು ತಿಳಿಯುವುದು ಹೇಗೆ? ಧ್ವನಿಯೊಂದು ಒರೆಗಲ್ಲಾಗುತ್ತದೆ. ಹಳೆಯ 'ಸ್ಕ್' ಧ್ವನಿ ಇಂಗ್ಲಿಷಿನಲ್ಲಿ ಮೆತ್ತಗಾಗಿ 'ಶ್' ಆಯಿತು, ನಾರ್ಸಿನಲ್ಲಿ 'ಸ್ಕ್' ಆಗಿಯೇ ಉಳಿಯಿತು. ನಾವು ಕನ್ನಡದಲ್ಲೂ ದಿನಾ ಬಳಸುವ ಶರ್ಟ್ ಮತ್ತು ಸ್ಕರ್ಟ್ ಮೂಲದಲ್ಲಿ ಒಂದೇ ಪದ: ಮೊದಲನೆಯದು ಇಂಗ್ಲಿಷರ ಬಾಯಿಯದು, ಎರಡನೆಯದು ಡೇನರದು. ಹೀಗೆಯೇ ಇಂಗ್ಲಿಷ್ 'ಚ್' ಎನ್ನುವಲ್ಲಿ ನಾರ್ಸ್ 'ಕ್' ಎಂದಿತು. ಚರ್ಚ್ ಎಂಬುದು ಬಡಗಣದಲ್ಲಿ ಕರ್ಕ್ ಆದದ್ದು ಹಾಗೆ. ಸ್ಕೈ, ಸ್ಕಿನ್, ಸ್ಕಲ್ ಎಲ್ಲವೂ ಈ ಒರೆಗಲ್ಲಿಗೆ ತಿಕ್ಕಿದಾಗ ನಾರ್ಸ್ ಎಂದು ಗೊತ್ತಾದವು.

ಎಂಥ ಪದಗಳು ಬಂದವು ಎಂಬುದು ಇನ್ನೂ ಮುಖ್ಯ. ಆಳುವವರ ಭಾಷೆಯಿಂದ ಸಾಮಾನ್ಯವಾಗಿ ಆಡಳಿತದ ಪದಗಳು ಇಳಿದು ಬರುತ್ತವೆ. ಕನ್ನಡಕ್ಕೆ ಪಾರಸಿ, ಅರಬ್ಬಿ ಮೂಲದಿಂದ ಜಮೀನು, ವಕೀಲ, ಖಜಾನೆ, ತಹಸೀಲ್ದಾರ ಬಂದವು. ನಾನು, ನೀನು, ಅವರು ಎಂಬವನ್ನು ಯಾರೂ ಮುಟ್ಟಲಿಲ್ಲ. ಸರ್ವನಾಮ ಭಾಷೆಯ ಗರ್ಭಗುಡಿ. ಇಂಗ್ಲಿಷಿನ 'ದೇ', 'ದೆಮ್', 'ದೇರ್', ಅಂದರೆ ಅವರು, ಅವರನ್ನು, ಅವರ, ಈ ಮೂರೂ ನಾರ್ಸಿನಿಂದ ಬಂದವು. ಗೆಟ್, ಗಿವ್, ಟೇಕ್, ಕಾಲ್, ಡೈ ಎಂಬ ದಿನಬಳಕೆಯ ಕ್ರಿಯಾಪದಗಳು, ಸಿಸ್ಟರ್, ಹಸ್ಬೆಂಡ್, ಲೆಗ್, ನೈಫ್, ರೂಟ್, ವಿಂಡೋ, ರಾಂಗ್, ಇಲ್, ಹೀಗೆ ಮನೆ, ಮೈ, ಹಿತ್ತಲು, ನಂಟಸ್ತಿಕೆಗಳ ಪದಗಳು ಬಂದವು. ಕತ್ತಿ ತೋರಿಸಿ ಕಂದಾಯ ವಸೂಲು ಮಾಡಬಹುದು. ಸರ್ವನಾಮವನ್ನು ಹಾಗೆ ಕಲಿಸಲಾಗದು. ಅದಕ್ಕೆ ಎರಡು ಭಾಷೆಯ ಮಕ್ಕಳು ಒಂದೇ ಅಂಗಳದಲ್ಲಿ ಆಡಬೇಕು, ಎರಡು ಭಾಷೆಯ ಗಂಡ ಹೆಂಡಿರು ಒಂದೇ ಒಲೆಯ ಮುಂದೆ ಕೂರಬೇಕು. ಸನ್ಯಾಸಿಗಳ ವೃತ್ತಾಂತದಲ್ಲಿ ಎಲ್ಲೂ ಕಾಣದ ಆ ಸಂಸಾರಗಳು 'ದೇ' ಎಂಬ ಒಂದಕ್ಷರದ ಮಾತಿನಲ್ಲಿ ಕಾಣುತ್ತವೆ.

ಈ ಪದಗಳು ಇಡೀ ಇಂಗ್ಲೆಂಡನ್ನು ಒಮ್ಮೆಲೇ ಗೆಲ್ಲಲಿಲ್ಲ. ಬಡಗಣದಿಂದ ತೆಂಕಣಕ್ಕೆ ನಿಧಾನವಾಗಿ ಹರಿದವು. 1490ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ ಒಂದು ಪ್ರಸಂಗ ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ವರ್ತಕರ ಹಡಗು ಗಾಳಿ ಸಿಗದೆ ಕೆಂಟ್ ದಂಡೆಯಲ್ಲಿ ನಿಂತಿತು. ಒಬ್ಬ ವರ್ತಕ ಇಳಿದು ಹೋಗಿ ಒಂದು ಮನೆಯಲ್ಲಿ 'ಎಗ್ಸ್' ಬೇಕೆಂದು ಕೇಳಿದ. ಮನೆಯಾಕೆ, ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಸಿಟ್ಟು ಬಂತು. ಕೊನೆಗೆ ಜೊತೆಗಾರ 'ಐರೆನ್' ಎಂದಾಗ ಅವಳಿಗೆ ಮೊಟ್ಟೆ ಎಂದು ತಿಳಿಯಿತು. ಐರೆನ್ ಹಳೆಯ ಇಂಗ್ಲಿಷ್ ಪದ, ಎಗ್ ವೈಕಿಂಗರದು. ಡೇನರು ಉಳುಮೆ ಶುರು ಮಾಡಿ ಆರು ನೂರು ವರ್ಷಗಳಾದರೂ ಕೆಂಟ್‌ಗೆ ಎಗ್ ತಲುಪಿರಲಿಲ್ಲ. ಈಗ ನಮ್ಮ ಊರಿನ ಬೇಕರಿಗಳ 'ಎಗ್ ಪಫ್'ವರೆಗೆ ಬಂದಿದೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರುವ ಕೇಕ್ ಕೂಡ ನಾರ್ಸ್ ಪದವೇ.

ಕಾನೂನಿನ ಮಾತನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಕಾನೂನಿಲ್ಲದ ದರೋಡೆಕೋರರು ಎಂಬ ಹೆಸರಿಗೆ ಇದರಷ್ಟು ನೇರ ಉತ್ತರ ಬೇರೆಯಿಲ್ಲ. 'ಲಾ' ಎಂಬ ಪದವನ್ನು ಇಂಗ್ಲಿಷಿಗೆ ಕೊಟ್ಟವರೇ ಅವರು. ನಾರ್ಸಿನ ಮೂಲದಲ್ಲಿ ಅದರ ಅರ್ಥ ಹಾಕಿಟ್ಟದ್ದು, ಕಟ್ಟುಪಾಡಾಗಿ ಇಟ್ಟದ್ದು. ಅವರ ಹಿಡಿತದಲ್ಲಿದ್ದ ಪ್ರದೇಶಕ್ಕೆ ಮುಂದೆ ಡೇನ್‌ಲಾ ಎಂದು ಹೆಸರಾದದ್ದು ಅಲ್ಲಿ ಡೇನರ ಕಾನೂನು ನಡೆಯುತ್ತಿದ್ದ ಕಾರಣಕ್ಕೆ. ನಮ್ಮ ಸಹಕಾರ ಸಂಘಗಳಿಗೂ ಅಪಾರ್ಟ್‌ಮೆಂಟ್ ಸಂಘಗಳಿಗೂ ಇರುವ 'ಬೈಲಾ' ಇದೆಯಲ್ಲ, ಅದರ 'ಬೈ' ಡರ್ಬಿ, ವಿಟ್ಬಿಗಳ 'ಬಿ'ಯೇ ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಬೈಲಾ ಎಂದರೆ ಹಳ್ಳಿಯ ಕಟ್ಟಳೆ. ಜನ ಸೇರಿ ನ್ಯಾಯ ತೀರಿಸುತ್ತಿದ್ದ ಸಭೆಗೆ 'ಥಿಂಗ್' ಎನ್ನುತ್ತಿದ್ದರು, ಸಭೆಯ ಬಯಲಿಗೆ ಥಿಂಗ್‌ವೊಲ್. ಅದೇ ಹೆಸರು ಐಸ್‌ಲೆಂಡಿನಲ್ಲಿ ಥಿಂಗ್‌ವೆಲ್ಲಿರ್, ಐಲ್ ಆಫ್ ಮ್ಯಾನ್‌ನಲ್ಲಿ ಟಿನ್‌ವಾಲ್ಡ್, ಸ್ಕಾಟ್ಲೆಂಡಿನಲ್ಲಿ ಡಿಂಗ್‌ವಾಲ್, ಶೆಟ್ಲೆಂಡಿನಲ್ಲಿ ಟಿಂಗ್‌ವಾಲ್, ಲಿವರ್‌ಪೂಲ್ ಬಳಿ ಥಿಂಗ್‌ವಾಲ್. ಸಾವಿರಾರು ಮೈಲಿ ಕಡಲಿನುದ್ದಕ್ಕೂ ಇಳಿದಲ್ಲೆಲ್ಲ ಅವರು ಸಭೆಗೊಂದು ಬಯಲನ್ನು ಗೊತ್ತುಮಾಡಿಕೊಂಡಿದ್ದರು. 'ರ‍್ಯಾನ್‌ಸ್ಯಾಕ್' ಎಂದರೆ ಇಂಗ್ಲಿಷಿನಲ್ಲಿ ಕೊಳ್ಳೆ ಹೊಡೆಯುವುದು. ನಾರ್ಸ್ ಕಾನೂನಿನಲ್ಲಿ ಅದು ಕದ್ದ ಮಾಲಿಗಾಗಿ ಒಂದು ಮನೆಯನ್ನು ನಿಯಮದಂತೆ ಶೋಧಿಸುವ ಕ್ರಮವಾಗಿತ್ತು.

ಸಂಖ್ಯೆಯ ಪ್ರಶ್ನೆ ಈಚೆಗೆ ಪ್ರಯೋಗಾಲಯಕ್ಕೂ ಹೋಯಿತು. ಬ್ರಿಟನ್ನಿನ ಹಳ್ಳಿಗಾಡಿನ ಸುಮಾರು 2,000 ಜನರ ಡಿಎನ್‌ಎ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾದಾಗ, ಇಂಗ್ಲೆಂಡಿನಲ್ಲಿ ಡೇನರ ಸ್ಪಷ್ಟ ಗುರುತು ಕಾಣಲಿಲ್ಲವೆಂದು ಹೇಳಿತು. ಮರುವರ್ಷ ಪುರಾತತ್ವಜ್ಞೆ ಜೇನ್ ಕರ್ಶಾ ಮತ್ತು ತಳಿವಿಜ್ಞಾನಿ ಎಲ್ಲೆನ್ ರೋಯ್ರ್‌ವಿಕ್ ಇದಕ್ಕೆ ಉತ್ತರ ಕೊಟ್ಟರು. ಅವರ ಮುಖ್ಯ ಮಾತು ಇದು: ಡೇನರಿಗಿಂತ ನಾಲ್ಕು ಶತಮಾನ ಮೊದಲು ಬಂದ ಆಂಗ್ಲೋ-ಸ್ಯಾಕ್ಸನರೂ ಅದೇ ಉತ್ತರ ಸಮುದ್ರದಾಚೆಯ ನೆರೆಹೊರೆಯವರು, ಇಬ್ಬರ ಡಿಎನ್‌ಎಯನ್ನು ಬೇರ್ಪಡಿಸುವುದೇ ಕಷ್ಟ. ಅವರ ಅಂದಾಜಿನಲ್ಲಿ ಬಂದು ನೆಲೆಸಿದವರು 20 ಸಾವಿರದಿಂದ 35 ಸಾವಿರ. ಕರ್ಶಾ ಅವರು ಲೋಹಶೋಧಕ ಹಿಡಿದು ಹೊಲ ಸುತ್ತುವ ಹವ್ಯಾಸಿಗಳಿಗೆ ಸಿಕ್ಕ ಹೆಂಗಸರ ಉಡುಪಿನ ಪಿನ್ನುಗಳನ್ನು ಅಧ್ಯಯನ ಮಾಡಿದವರು. ಸ್ಕ್ಯಾಂಡಿನೇವಿಯಾ ಶೈಲಿಯ ಅಂಥ ಪಿನ್ನುಗಳು 500ಕ್ಕೂ ಹೆಚ್ಚು ಸಿಕ್ಕಿವೆ, ಹೆಚ್ಚಿನವು ಅಗ್ಗದ ಲೋಹದವು. ಅವು ರಾಣಿಯರ ಒಡವೆಗಳಲ್ಲ. ಸಾಮಾನ್ಯ ರೈತ ಹೆಂಗಸರು ಉಳುವ ಹೊಲದಲ್ಲಿ ಕಳೆದುಕೊಂಡವು. ಹೆಂಗಸರೂ ಬಂದಿದ್ದರು ಎಂದಾದರೆ ಮನೆಮಾತು ಉಳಿದದ್ದಕ್ಕೂ ಸರ್ವನಾಮ ದಾಟಿದ್ದಕ್ಕೂ ಕಾರಣ ಸಿಕ್ಕಂತಾಯಿತು.

ಫ್ರಾನ್ಸಿನ ನಾರ್ಮಂಡಿಯಲ್ಲಿ ಹೀಗಾಗಲಿಲ್ಲ. 911ರಲ್ಲಿ ರೋಲೋ ಎಂಬ ನಾಯಕನಿಗೆ ಅಲ್ಲಿ ನೆಲ ಸಿಕ್ಕಿತು, ಇವ್‌ಟೋ, ಓನ್‌ಫ್ಲರ್‌ನಂಥ ಹೆಸರುಗಳು ಉಳಿದವು. ಆದರೆ ಕೆಲವೇ ತಲೆಮಾರುಗಳಲ್ಲಿ ಅವರ ಮಾತು ಅಳಿಯಿತು, ಫ್ರೆಂಚಿಗೆ ಸೇರಿದವು ಮುಖ್ಯವಾಗಿ ಹಡಗಿಗೂ ಕಡಲಿಗೂ ಸಂಬಂಧಿಸಿದ ಪದಗಳು.

ಕೀರ್ತಿ ಎಷ್ಟು ತದ್ವಿರುದ್ಧವಾಗಿರಬಹುದು ಎಂಬುದಕ್ಕೆ ಸ್ನಾನದ ವಿಚಾರ ನೋಡಿ. 922ರಲ್ಲಿ ವೋಲ್ಗಾ ನದಿಯ ದಡದಲ್ಲಿ ವೈಕಿಂಗರೆನ್ನಲಾದ ರುಸ್ ವರ್ತಕರನ್ನು ಕಂಡ ಬಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್ ಅವರ ಎತ್ತರದ ಮೈಕಟ್ಟನ್ನು ಖರ್ಜೂರದ ಮರಕ್ಕೆ ಹೋಲಿಸಿದ, ಆದರೆ ದೇವರ ಸೃಷ್ಟಿಯಲ್ಲೇ ಅತ್ಯಂತ ಕೊಳಕರು ಎಂದ. ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲರೂ ಮುಖ ತೊಳೆಯುತ್ತಾರೆ ಎಂದು ಅಸಹ್ಯಪಟ್ಟ. ದಿನಕ್ಕೆ ಐದು ಬಾರಿ ಹರಿಯುವ ನೀರಿನಲ್ಲಿ ಕೈಕಾಲು ತೊಳೆಯುವವನ ಅಳತೆ ಅದು. ಇತ್ತ ಇಂಗ್ಲೆಂಡಿನಲ್ಲಿ ವಾಲಿಂಗ್‌ಫರ್ಡ್‌ನ ಜಾನ್ ಎಂಬವನ ಹೆಸರಿನಲ್ಲಿರುವ 13ನೇ ಶತಮಾನದ ವೃತ್ತಾಂತ ದೂರುವುದು ಬೇರೆಯೇ: ಡೇನರು ದಿನಾ ತಲೆ ಬಾಚುತ್ತಿದ್ದರು, ಪ್ರತಿ ಶನಿವಾರ ಸ್ನಾನ ಮಾಡುತ್ತಿದ್ದರು, ಬಟ್ಟೆ ಬದಲಿಸುತ್ತಿದ್ದರು, ಹೀಗೆ ಇಂಗ್ಲಿಷ್ ಹೆಂಗಸರ ಮನಸ್ಸು ಕೆಡಿಸಿದರು. ಇಬ್ಬರಲ್ಲಿ ಯಾರನ್ನು ನಂಬುವುದು? ವಾರದ ಹೆಸರನ್ನು ಕೇಳಬೇಕು. ಹಳೆಯ ನಾರ್ಸಿನಲ್ಲಿ ಶನಿವಾರ 'ಲಾಗರ್‌ದಾಗ್', ಸ್ನಾನದ ದಿನ. ಡ್ಯಾನಿಶ್, ಸ್ವೀಡಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ಇಂದಿಗೂ ಶನಿವಾರಕ್ಕೆ ಅದೇ ಹೆಸರಿನ ಸವೆದ ರೂಪ, ಪಕ್ಕದ ಫಿನ್ನಿಶ್ ಕೂಡ ಅದನ್ನೇ ಎರವಲು ಪಡೆಯಿತು. ಮೂಳೆ, ಕೊಂಬಿನ ಬಾಚಣಿಗೆಗಳಂತೂ ಯಾರ್ಕ್‌ನಿಂದ ಡಬ್ಲಿನ್‌ವರೆಗೆ ಅವರಿದ್ದಲ್ಲೆಲ್ಲ ಸಿಗುತ್ತವೆ.

ಇಬ್ನ್ ಫದ್ಲಾನ್ ಕಂಡ ರುಸ್ ಜನ ಯಾರು ಎಂಬುದೇ ರಷ್ಯಾದಲ್ಲಿ ಇನ್ನೂರೈವತ್ತು ವರ್ಷಗಳ ಜಗಳ. ತಮ್ಮ ಮೊದಲ ರಾಜ್ಯವನ್ನು ಕಟ್ಟಿದವರು ಸ್ಕ್ಯಾಂಡಿನೇವಿಯನ್ನರು ಎಂಬ ವಾದವನ್ನು 18ನೇ ಶತಮಾನದಲ್ಲಿ ರಷ್ಯಾದ ವಿದ್ವಾಂಸ ಲೊಮೊನೊಸೊವ್ ಉಗ್ರವಾಗಿ ವಿರೋಧಿಸಿದರು. ಇಲ್ಲಿಯೂ ಸ್ಥಳನಾಮಗಳೇ ನೆರವಿಗೆ ಬಂದವು. ಸುಮಾರು 950ರಲ್ಲಿ ಬೈಜಾಂಟಿಯಂನ ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್ ತನ್ನ ಮಗನಿಗಾಗಿ ಬರೆಸಿದ ಆಡಳಿತದ ಕೈಪಿಡಿಯಲ್ಲಿ, ನೀಪರ್ ನದಿಯ ರಭಸದ ಇಳಿಜಾರುಗಳಿಗೆ ಎರಡೆರಡು ಹೆಸರು ಕೊಟ್ಟಿದ್ದಾನೆ: ಸ್ಲಾವರು ಕರೆಯುವುದು ಒಂದು, ರುಸ್ ಜನ ಕರೆಯುವುದು ಒಂದು. ರುಸ್ ಹೆಸರುಗಳಾದ ಊಲ್ವೊರ್ಸಿ, ಗೆಲಂದ್ರಿ, ಬರೂಫೊರೊಸ್ ಇವು ಗ್ರೀಕರ ಕಿವಿಯಲ್ಲಿ ಕೆಟ್ಟ ನಾರ್ಸ್ ಪದಗಳು: ದ್ವೀಪದ ಧುಮುಕು, ಮೊರೆಯುವುದು, ಅಲೆಯ ಧುಮುಕು. ಇನ್ನೊಂದರ ಹೆಸರು ಐಫೊರ್. ಬಾಲ್ಟಿಕ್ ಸಮುದ್ರದ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಸಿಕ್ಕ ರೂನ್ ಕಲ್ಲೊಂದು ರಾವ್ನ್ ಎಂಬವನ ನೆನಪಿಗೆ ನೆಟ್ಟದ್ದು. ಅವನ ಬಳಗದವರು 'ಐಫುರ್'ವರೆಗೆ ಹೋಗಿದ್ದರೆಂದು ಅದರಲ್ಲಿದೆ. ಚಕ್ರವರ್ತಿಯ ಪುಸ್ತಕವನ್ನು ಓದದ ಜನ ಅದೇ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದರು. 1932ರ ಅಣೆಕಟ್ಟು ಆ ಇಳಿಜಾರುಗಳನ್ನೆಲ್ಲ ಮುಳುಗಿಸಿತು. ಹೆಸರುಗಳು ಮಾತ್ರ ವಾದದಲ್ಲಿ ಸಾಕ್ಷಿಯಾಗಿ ನಿಂತಿವೆ.

ಇಂದು ನಾವು ಚಿತ್ರಗಳಲ್ಲಿ ಕಾಣುವ ವೈಕಿಂಗ್ ಬಹಳ ಮಟ್ಟಿಗೆ ಈಚಿನವನು. ಶತ್ರುಗಳ ತಲೆಬುರುಡೆಯಲ್ಲಿ ಮದ್ಯ ಕುಡಿಯುತ್ತಿದ್ದರು ಎಂಬ ಕಥೆ ಹುಟ್ಟಿದ್ದು 1636ರಲ್ಲಿ, ಡೆನ್ಮಾರ್ಕಿನ ವಿದ್ವಾಂಸ ಓಲೆ ವೋರ್ಮ್ ಪ್ರಕಟಿಸಿದ ಲ್ಯಾಟಿನ್ ಅನುವಾದದಿಂದ. ಹಳೆಯ ನಾರ್ಸ್ ಕವಿಗಳು ವಸ್ತುಗಳನ್ನು ನೇರವಾಗಿ ಹೆಸರಿಸದೆ ಒಗಟಿನಂತೆ ಹೇಳುತ್ತಿದ್ದರು. ಬುರುಡೆಯಿಂದ ಬಾಗಿ ಬೆಳೆದ ಕೊಂಬೆ ಎಂದರೆ ಪಶುವಿನ ಕೊಂಬು. ಅದು ಕುಡಿಯುವ ಪಾತ್ರೆ. ಅನುವಾದಕರು ಅದನ್ನು ಕೊಂದವರ ಬುರುಡೆ ಎಂದು ಓದಿದರು. ಕೊಂಬಿನ ಶಿರಸ್ತ್ರಾಣಕ್ಕೆ ಹೆಸರು ತಂದದ್ದು 1876ರ ಬೈರಾಯ್ಟ್ ನಾಟ್ಯಮಂದಿರ. ವ್ಯಾಗ್ನರ್‌ನ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೆಪ್ಲರ್ ಮಾಡಿದ ವೇಷಭೂಷಣ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬೂ ತೋಟದಲ್ಲಿ ಸಿಕ್ಕ ವೈಕಿಂಗ್ ಕಾಲದ ಕಬ್ಬಿಣದ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ಡೆನ್ಮಾರ್ಕಿನಲ್ಲಿ ಕೊಂಬಿರುವ ಎರಡು ಕಂಚಿನ ಶಿರಸ್ತ್ರಾಣ ಸಿಕ್ಕಿರುವುದು ನಿಜ. ಆದರೆ ಅವು ಕ್ರಿಸ್ತಪೂರ್ವ 900ರ ಸುಮಾರಿನವು, ವೈಕಿಂಗರಿಗಿಂತ 1,700 ವರ್ಷ ಹಿಂದಿನವು.

ಭಾಷೆಯನ್ನು ಇಷ್ಟು ನಂಬಿ ಬರೆದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಐಸ್‌ಲೆಂಡಿನ ಭಾಷೆ ಅಚ್ಚ ನಾರ್ಸ್, ಕೆಲ್ಟಿಕ್ ಪದಗಳು ಬೆರಳೆಣಿಕೆಯಷ್ಟು. ಆದರೆ ತಾಯಿಯಿಂದಲೇ ಬರುವ ಡಿಎನ್‌ಎ ನೋಡಿದರೆ ಅಲ್ಲಿ ಮೊದಲು ನೆಲೆಸಿದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸ್ಕಾಟ್ಲೆಂಡ್, ಐರ್ಲೆಂಡುಗಳ ಕಡೆಯವರು. ಅವರಲ್ಲಿ ಎಷ್ಟೋ ಮಂದಿ ಗುಲಾಮರಾಗಿ ಬಂದಿರಬೇಕು. ತಾಯಂದಿರ ಭಾಷೆ ಮಕ್ಕಳ ಬಾಯಿಗೆ ಬರಲೇ ಇಲ್ಲ. ಇಂಗ್ಲೆಂಡಿನಲ್ಲಿ ಸಂಸಾರಗಳನ್ನು ತೋರಿಸಿದ ಭಾಷೆಯೇ ಐಸ್‌ಲೆಂಡಿನಲ್ಲಿ ಅವನ್ನು ಮರೆಮಾಡಿದೆ. ಆರ್ಕ್ನಿಯಲ್ಲಿ ಊರ ಹೆಸರುಗಳು ಬಹುತೇಕ ಎಲ್ಲವೂ ನಾರ್ಸ್, ಆದರೆ ಮೊದಲು ಹೇಳಿದ 2015ರ ಅಧ್ಯಯನದಂತೆ ಅಲ್ಲಿನವರಲ್ಲಿ ನಾರ್ವೆಯ ಪಾಲು ಸುಮಾರು ಕಾಲುಭಾಗ. 2020ರಲ್ಲಿ 442 ಪುರಾತನ ಅಸ್ಥಿಗಳ ಡಿಎನ್‌ಎ ಫಲಿತಾಂಶ ಬಂದಾಗ, ಆರ್ಕ್ನಿಯಲ್ಲಿ ಕತ್ತಿಯೊಂದಿಗೆ ವೈಕಿಂಗ್ ರೀತಿಯಲ್ಲೇ ಹೂತಿದ್ದ ಇಬ್ಬರು ಸ್ಥಳೀಯ ಪಿಕ್ಟ್ ಮೂಲದವರೆಂದು ತಿಳಿಯಿತು. ವೈಕಿಂಗ್ ಎಂಬುದು ಮೊದಲಿಗೆ ಒಂದು ಕುಲದ ಹೆಸರೇ ಅಲ್ಲ, ಹಡಗೇರಿ ಹೋಗಿ ಮಾಡುವ ಕೆಲಸದ ಹೆಸರು. ಆ ಕೆಲಸಕ್ಕೆ ಇವರೂ ಸೇರಿದ್ದರು.

ಆರ್ಕ್ನಿಯನ್ನು 1468ರಲ್ಲೂ ಶೆಟ್ಲೆಂಡನ್ನು 1469ರಲ್ಲೂ ಡೆನ್ಮಾರ್ಕಿನ ದೊರೆ ತನ್ನ ಮಗಳ ವರದಕ್ಷಿಣೆಗೆ ಬದಲಾಗಿ ಸ್ಕಾಟ್ಲೆಂಡಿಗೆ ಅಡವಿಟ್ಟ. ಬಿಡಿಸಿಕೊಳ್ಳಲಿಲ್ಲ. ಅಲ್ಲಿನ ನಾರ್ಸ್ ಮಾತು, ನಾರ್ನ್ ಎಂದು ಹೆಸರಾದದ್ದು, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಸೊರಗಿತು. 1893ರಲ್ಲಿ ಫಾರೋ ದ್ವೀಪದ ಯಾಕೊಬ್ ಯಾಕೊಬ್‌ಸೆನ್ ಎಂಬ ಭಾಷಾಶಾಸ್ತ್ರಜ್ಞ ಶೆಟ್ಲೆಂಡಿಗೆ ಬಂದಾಗ ಅದನ್ನು ಭಾಷೆಯಾಗಿ ಆಡುವವರು ಯಾರೂ ಉಳಿದಿರಲಿಲ್ಲ. ಆದರೂ ಎರಡು ವರ್ಷ ಮನೆಮನೆ ತಿರುಗಿ ಅವರು ಸುಮಾರು 10 ಸಾವಿರ ನಾರ್ನ್ ಪದಗಳನ್ನು ಬರೆದುಕೊಂಡರು. ಗಾಳಿ ಮಳೆಗೆ, ಕುರಿಯ ಮೈಬಣ್ಣಕ್ಕೆ, ದೋಣಿಯ ಭಾಗಗಳಿಗೆ ಇದ್ದ ಪದಗಳು ಅವು. ಒಂದು ವಿಶೇಷ ಗುಂಪು ಮೀನುಗಾರರದು. ದಡದಲ್ಲಿ ಸ್ಕಾಟ್ಸ್ ಭಾಷೆ ಆಡುತ್ತಿದ್ದವರು ದೋಣಿ ಆಳಸಮುದ್ರಕ್ಕೆ ಹೋದ ಮೇಲೆ ಕೆಲವು ಪದಗಳನ್ನು ಬಾಯಲ್ಲಿ ತರುವುದು ಅಪಶಕುನವೆಂದು ನಂಬಿದ್ದರು. ಪಾದ್ರಿಯನ್ನು ಪಾದ್ರಿ ಎನ್ನದೆ 'ಎದ್ದು ನಿಲ್ಲುವವ' ಎನ್ನುತ್ತಿದ್ದರು, ಚರ್ಚಿಗೆ 'ಪ್ರಾರ್ಥನೆಮನೆ' ಎಂಬ ಹಳೆಯ ನಾರ್ಸ್ ಪದ ಬಳಸುತ್ತಿದ್ದರು. ಮನೆಯಲ್ಲಿ, ಪೇಟೆಯಲ್ಲಿ, ಚರ್ಚಿನಲ್ಲಿ ಸತ್ತುಹೋಗಿದ್ದ ಮಾತನ್ನು ಅವರು ಗಾಳ ಹಾಕಿ ಕೂತ ಹೊತ್ತಿನಲ್ಲಿ ಆಡುತ್ತಿದ್ದರು.